ಮಘೆ ಕೈಕೊಟ್ಟಾಗ ಕೃಷಿ ಹೊಂಡ

ಯಲಹಂಕದಿಂದ ರಾಜಾನುಕುಂಟೆ ದಾಟಿ ದೊಡ್ಡಬಳ್ಳಾಪುರದ ಕಡೆ ಹೊರಟರೆ ಬಡಾವಣೆಗಳ ಕಾಂಪೌಂಡುಗಳ ಮಗ್ಗುಲಲ್ಲೇ ಇನ್ನೂ ರಾಗಿ ಹೊಲಗಳು ಕಾಣುತ್ತವೆ. ಈ ಸೀಮೆಯ ನೀರನ್ನು ನಗರ ಬಹಳ ಹಿಂದೆಯೇ ಕುಡಿದಿದೆ. 1894ರಲ್ಲಿ ಅರ್ಕಾವತಿಗೆ ಹೆಸರಘಟ್ಟದಲ್ಲಿ ಜಲಾಶಯ ಕಟ್ಟಿ ಬೆಂಗಳೂರಿಗೆ ಒಯ್ದದ್ದು ಇಲ್ಲಿನ ಮಳೆನೀರನ್ನೇ. ಇಂದು ಆ ಹೊಳೆಯಲ್ಲಿ ವರ್ಷವಿಡೀ ಹರಿವಿಲ್ಲ, ಕೊರೆದ ಬೋರ್‌ವೆಲ್ಲಿನಲ್ಲಿ ನೀರು ಸಿಕ್ಕೀತೆಂಬ ಭರವಸೆಯೂ ಇಲ್ಲ.

ಹಾಗೆಂದು ಮಳೆಯೇನೂ ತೀರಾ ಕಡಿಮೆಯಲ್ಲ, ವರ್ಷಕ್ಕೆ ಸುಮಾರು 800 ಮಿ.ಮೀ. ಸುರಿಯುತ್ತದೆ. ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಜೋರಾಗಿ ಬಂದು ನಡುವೆ ಕೈಕೊಡುವುದು ಅದರ ಸ್ವಭಾವ. ಪುನರ್ವಸು, ಪುಷ್ಯ ಮಳೆಯಲ್ಲಿ ಬಿತ್ತಿದ ರಾಗಿ ತೆಂಡೆ ಒಡೆದು ಹೊಡೆಗೆ ಬರುವ ಹೊತ್ತಿಗೆ ಮಘೆ, ಹುಬ್ಬೆ ಹದವಾಗಿ ಬೀಳಬೇಕು. ಬೀಳದಿದ್ದರೆ ಗರಿ ಸುರುಳಿ ಸುತ್ತಿಕೊಳ್ಳುತ್ತದೆ, ತೆನೆ ಜೊಳ್ಳಾಗುತ್ತದೆ. ಆ ಹೊತ್ತಿನಲ್ಲಿ ಒಂದೇ ಒಂದು ಸಲ ನೀರು ಹಾಯಿಸಿದರೂ ಬೆಳೆ ಉಳಿಯುತ್ತದೆ. ಹೆಬ್ಬಾಳದಾಚೆಯ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಒಣಬೇಸಾಯ ಯೋಜನೆಯವರು 1970ರ ದಶಕದಿಂದಲೂ ಹೇಳಿಕೊಂಡು ಬಂದದ್ದು ಇದನ್ನೇ: ಬದು ಹಾಕಿ, ಹರಿದು ಹೋಗುವುದನ್ನು ಹೊಂಡದಲ್ಲಿ ಹಿಡಿದಿಡಿ.

2014ರಲ್ಲಿ ಬಂದ ರಾಜ್ಯ ಸರ್ಕಾರದ ಕೃಷಿಭಾಗ್ಯ ಯೋಜನೆ ಈ ಮಾತಿಗೆ ದುಡ್ಡಿನ ಬಲ ಕೊಟ್ಟಿತು. ಆಗ ಸಾಮಾನ್ಯ ವರ್ಗದ ರೈತರಿಗೆ ಶೇ 80, ಪರಿಶಿಷ್ಟರಿಗೆ ಶೇ 90 ಸಹಾಯಧನ. ಹೊಂಡದ ಜೊತೆಗೆ ಪಾಲಿಥೀನ್ ಹೊದಿಕೆ, ಪಂಪ್‌ಸೆಟ್, ತುಂತುರು ಅಥವಾ ಹನಿ ನೀರಾವರಿ.

ಲೆಕ್ಕ ಹಾಕಿ ನೋಡಿ. ಮೇಲ್ಬಾಯಿ 12 ಮೀಟರ್ ಚೌಕ, ಆಳ 3 ಮೀಟರ್, ಇಳಿಜಾರು ಅಂಚು. ಇಂಥ ಹೊಂಡದಲ್ಲಿ ಎರಡೂವರೆ ಲಕ್ಷ ಲೀಟರ್ ನಿಲ್ಲುತ್ತದೆ. ಎರಡೂವರೆ ಎಕರೆ ಹೊಲದಿಂದ 25 ಮಿ.ಮೀ.ನಷ್ಟು ನೀರು ಹರಿದು ಬಂದರೆ ಸಾಕು, ತುಂಬಿತು. ಒಂದು ಎಕರೆಗೆ 50 ಮಿ.ಮೀ. ಹಾಯಿಸಲು ಎರಡು ಲಕ್ಷ ಲೀಟರ್ ಬೇಕು. ಅಂದರೆ ಒಂದು ಎಕರೆಗೆ ಒಂದು ಜೀವ ಉಳಿಸುವ ನೀರು, ಮಿಕ್ಕಿದ್ದು ಮೆಣಸಿನ ಗಿಡಕ್ಕೋ ದನಕ್ಕೋ. ಇದಕ್ಕಿಂತ ಹೆಚ್ಚಿನ ಆಸೆ ಹುಟ್ಟಿಸಿ ಹೊಂಡ ತೆಗೆಸುವುದು ರೈತನಿಗೆ ಮಾಡುವ ಅನ್ಯಾಯ.

ಹೊಂಡ ತೋಡುವುದು ಜೆಸಿಬಿಯ ಕೆಲಸ. ನೀರಿನ ದಾರಿ ಗೊತ್ತಿರುವುದು ಮನೆಯವರಿಗೆ. ಮಳೆ ಹೊಡೆದಾಗ ಕೆಂಪು ನೀರು ಯಾವ ಬದುವಿನ ಮೂಲೆ ಒಡೆದು ಇಳಿಯುತ್ತದೋ ಅಲ್ಲಿಗೆ ಹೊಂಡದ ಬಾಯಿ ಬರಬೇಕು. ಬಾಯಿಗಿಂತ ಮೊದಲು ಒಂದು ಚಿಕ್ಕ ಹೂಳುಗುಂಡಿ, ಹೆಚ್ಚಾದ ನೀರಿಗೆ ಕಲ್ಲು ಜೋಡಿಸಿದ ಕೋಡಿ. ಹೂಳುಗುಂಡಿ ಇಲ್ಲದಿದ್ದರೆ ಮೇಲ್ಮಣ್ಣೆಲ್ಲ ಒಳಗೆ ಸೇರಿ ಹೊಂಡದ ಆಳ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತದೆ. ನಮ್ಮ ಕೆಂಪುಮಣ್ಣಿನಲ್ಲಿ ನೀರು ಬೇಗ ಇಂಗುವುದರಿಂದ ಹೊದಿಕೆ ಬೇಕೇ ಬೇಕು. ಆದರೆ ಅದರ ಮೇಲೆ ಕಾಲಿಟ್ಟವರು ಜಾರಿದರೆ ಹತ್ತಿ ಬರುವುದು ಕಷ್ಟ. ಮಕ್ಕಳಿರುವ ಊರಲ್ಲಿ ತಂತಿಬೇಲಿ ಹಾಕದೆ ಹೊಂಡ ತುಂಬಲು ಬಿಡಲೇಬಾರದು.

ಎಲ್ಲರೂ ಯಾಕೆ ತೆಗೆಸುವುದಿಲ್ಲ? ಏರಿಯೂ ಸೇರಿ ಹೊಂಡಕ್ಕೆ ಎರಡು ಗುಂಟೆಯಾದರೂ ಬೇಕು. ಗುಂಟೆ ಲೆಕ್ಕದಲ್ಲಿ ಜಮೀನು ಮಾರಾಟವಾಗುವ ಯಲಹಂಕದ ಸುತ್ತ ಅದು ಸಣ್ಣ ತ್ಯಾಗವಲ್ಲ. ಇನ್ನು ವಾರಕ್ಕೆ ಬೇಸಾಯ ಮಾಡುವವರು, ಪಹಣಿ ಇನ್ನೊಬ್ಬರ ಹೆಸರಲ್ಲಿದ್ದಾಗ, ಯಾರದೋ ನೆಲದಲ್ಲಿ ಹೇಗೆ ಹೊಂಡ ತೆಗೆದಾರು? ಮಾಲೀಕ ಸೈಟು ಮಾಡಲು ಕಾದಿರುತ್ತಾನೆ, ಉಳುವವನು ಮಳೆಗೆ ಕಾದಿರುತ್ತಾನೆ. ಮಾಲೀಕನ ಒಪ್ಪಿಗೆ ಪತ್ರದ ಮೇಲೆ ಉಳುವವನಿಗೇ ಸಹಾಯಧನ ಸಿಗುವಂತಾದರೆ, ಐದಾರು ವರ್ಷದ ಮಟ್ಟಿಗಾದರೂ ಆ ಹೊಲದ ರಾಗಿ ಮನೆಗೆ ಬಂದೀತು.