ಹಿಮಗಾಲ ದಾಟುವ ಗರಿಕೆ

ಅಮೆರಿಕದ ಆಟದ ಮೈದಾನಗಳಲ್ಲೂ ಗಾಲ್ಫ್ ಅಂಗಳಗಳಲ್ಲೂ ಬರ್ಮುಡಾ ಹುಲ್ಲು ಎಂದು ಬೆಳೆಸುವುದು ನಮ್ಮ ಗಣಪತಿ ಪೂಜೆಯ ಗರಿಕೆಯನ್ನೇ, ಇಲ್ಲವೇ ಅದರ ಸಂಕರ ತಳಿಗಳನ್ನು. 27ರಿಂದ 35 ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ ಅದು ಸೊಂಪಾಗಿ ಹಬ್ಬುತ್ತದೆ, ತುಳಿತ ತಾಳುತ್ತದೆ, ನೀರನ್ನೂ ಹೆಚ್ಚು ಬೇಡುವುದಿಲ್ಲ. ಮಣ್ಣಿನ ಉಷ್ಣತೆ ಸುಮಾರು 10 ಡಿಗ್ರಿಗೆ ಇಳಿದರೆ ಮಾತ್ರ ಬೆಳವಣಿಗೆ ನಿಂತು ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಬೆಂಗಳೂರಿನಲ್ಲಿ ಇದು ಚಿಂತೆಯ ವಿಷಯವಲ್ಲ. ಒಕ್ಲಹೋಮಾ, ಕಾನ್ಸಾಸ್, ಮಿಸೌರಿ ಸೀಮೆಯಲ್ಲಿ ಬೇಸಿಗೆ ಸುಡುತ್ತದೆ, ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುತ್ತದೆ. ತಂಪು ಹವೆಯ ಹುಲ್ಲುಗಳು ಅಲ್ಲಿನ ಬೇಸಿಗೆಗೆ ಸೊರಗುತ್ತವೆ, ಗರಿಕೆ ಚಳಿಗೆ ಸಾಯುತ್ತದೆ.

ಕಂದಿದ ಗರಿಕೆ ಸತ್ತದ್ದೆಂದು ಅರ್ಥವಲ್ಲ. ನೆಲದ ಮೇಲೆ ಹರಿದ ಬಳ್ಳಿಗಳ ಗೆಣ್ಣುಗಳಲ್ಲಿ, ನೆಲದಡಿಯ ಕಾಂಡಗಳಲ್ಲಿ ಮೊಗ್ಗುಗಳು ಜೀವ ಹಿಡಿದಿರುತ್ತವೆ. ಮಂಜು ಮೊದಲು ಜೀವಕೋಶಗಳ ಹೊರಗೆ ಕಟ್ಟಿ ಒಳಗಿನ ನೀರನ್ನು ಸೆಳೆಯುತ್ತದೆ. ಆ ನಿರ್ಜಲತೆಯನ್ನು ತಾಳಿದ ಕೋಶ ಬದುಕುತ್ತದೆ. ಕೋಶದೊಳಗೇ ಮಂಜು ಕಟ್ಟಿದರೆ ಪೊರೆ ಹರಿದು ಸಾಯುತ್ತದೆ. ಚಳಿ ಮೆಲ್ಲಗೆ ಏರುತ್ತ ಬಂದರೆ ಗಿಡ ಸಕ್ಕರೆ ಮತ್ತು ಪ್ರೋಲಿನ್ ಎಂಬ ಅಮೈನೊ ಆಮ್ಲವನ್ನು ಕೂಡಿಟ್ಟುಕೊಂಡು, ಪೊರೆಯ ಕೊಬ್ಬನ್ನು ಬದಲಿಸಿಕೊಂಡು ಗಟ್ಟಿಯಾಗುತ್ತದೆ. ಈ ಸಿದ್ಧತೆ ಮುಗಿಯುವ ಮೊದಲೇ ಬಂದೆರಗುವ ಚಳಿ, ವಸಂತದಲ್ಲಿ ಚಿಗುರಿದ ಮೇಲೆ ಮರಳಿ ಬರುವ ಚಳಿ ಬಲು ಅಪಾಯಕಾರಿ.

ತಳಿ ಅಭಿವೃದ್ಧಿಯ ನಿಜವಾದ ಇಕ್ಕಟ್ಟು ಬೇರೆಯೇ ಇದೆ. ಚಳಿ ತಾಳುವ ಗರಿಕೆಗಳು ಬಹಳಮಟ್ಟಿಗೆ ಒರಟು ಎಲೆಯವು. ಅವುಗಳ ಹತ್ತಿರದ ಸಂಬಂಧಿಯಾದ ಆಫ್ರಿಕದ ಗರಿಕೆಗೆ ನೂಲಿನಂಥ ಎಲೆ, ದಟ್ಟ ಹಾಸು. ಹುಲ್ಲುಹಾಸಿನ ಸಾಮಾನ್ಯ ಗರಿಕೆಯಲ್ಲಿ 36 ವರ್ಣತಂತುಗಳು, ಆಫ್ರಿಕದ್ದರಲ್ಲಿ 18. ಎರಡನ್ನೂ ಕೂಡಿಸಿದಾಗ ಸಾಮಾನ್ಯವಾಗಿ 27 ವರ್ಣತಂತುಗಳ ಬರಡು ಸಂಕರ ಹುಟ್ಟುತ್ತದೆ. ಬೀಜವಿಲ್ಲದ್ದರಿಂದ ಅದನ್ನು ತುಂಡುಗಳಿಂದಲೇ ಬೆಳೆಸಬೇಕು. ಇದು ಕೊರತೆಯಂತೆ ಕಂಡರೂ ಹುಲ್ಲುಹಾಸಿಗೆ ವರವೇ ಸರಿ: ಇಡೀ ಮೈದಾನ ಒಂದೇ ಗಿಡದ ವಿಸ್ತಾರವಾಗಿ, ಬಣ್ಣವೂ ಎಲೆಯೂ ಎಲ್ಲೆಡೆ ಒಂದೇ ಸಮ ಇರುತ್ತದೆ. ಜಾರ್ಜಿಯಾದ ಟಿಫ್ಟನ್‌ನಲ್ಲಿ ಗ್ಲೆನ್ ಬರ್ಟನ್ ರೂಪಿಸಿದ ಟಿಫ್‌ಗ್ರೀನ್ (1956), ಟಿಫ್‌ವೇ (1960) ಇಂಥ ಸಂಕರಗಳು. ದಕ್ಷಿಣದ ಮೈದಾನಗಳನ್ನು ಟಿಫ್‌ವೇ ದಶಕಗಳ ಕಾಲ ಆಳಿತು. ಉತ್ತರದ ಚಳಿಗೆ ಅದು ಸಾಲಲಿಲ್ಲ.

ಸ್ಟಿಲ್‌ವಾಟರ್‌ನ ಒಕ್ಲಹೋಮಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಟಾಲಿಯಫೆರೊ 1980ರ ದಶಕದಲ್ಲಿ ಈ ಕೊರತೆಯನ್ನೇ ಕೈಗೆತ್ತಿಕೊಂಡರು. ಅವರ ನಂತರ ಯಾಂಚಿ ವು ಮುಂದುವರಿಸಿದರು. ಅಲ್ಲಿನ ತಳಿಗಳಾದ ಪೇಟ್ರಿಯಟ್ 2002ರಲ್ಲಿ, ಲ್ಯಾಟಿಟ್ಯೂಡ್ 36 ಮತ್ತು ನಾರ್ತ್‌ಬ್ರಿಜ್ 2010ರಲ್ಲಿ, ಟಹೋಮಾ 31 2017ರಲ್ಲಿ ಹೊರಬಂದವು. ಬೀಜದಿಂದ ಬೆಳೆಸಬಹುದಾದ ಯೂಕಾನ್, ರಿವಿಯೆರಾ ತಳಿಗಳೂ ಅಲ್ಲಿಯವೇ.

ಚಳಿ ತಾಳಿಕೆಯನ್ನು ಅಳೆಯುವ ಪ್ರಯೋಗ ತಾಳ್ಮೆಯ ಕೆಲಸ. ಸಣ್ಣ ಕುಂಡಗಳಲ್ಲಿ ಬೆಳೆಸಿದ ಗಿಡಗಳನ್ನು ಕೆಲವು ವಾರ ತಂಪಿನಲ್ಲಿಟ್ಟು ಪಳಗಿಸುತ್ತಾರೆ. ನಂತರ ಶೀತಲ ಪೆಟ್ಟಿಗೆಯಲ್ಲಿಟ್ಟು, ಎಲ್ಲ ಕುಂಡಗಳೂ ಒಟ್ಟಿಗೆ ಹೆಪ್ಪುಗಟ್ಟಲೆಂದು ಮಂಜಿನ ಚೂರು ಉದುರಿಸಿ, ಗಂಟೆಗೆ ಸುಮಾರು ಒಂದು ಡಿಗ್ರಿಯಂತೆ ಉಷ್ಣತೆ ಇಳಿಸುತ್ತಾರೆ. ಒಂದೊಂದು ಹಂತದಲ್ಲೂ ಕೆಲವು ಕುಂಡ ಹೊರತೆಗೆದು, ಮೆಲ್ಲಗೆ ಕರಗಿಸಿ, ಹಸಿರುಮನೆಯಲ್ಲಿಡುತ್ತಾರೆ. ವಾರಗಳು ಕಳೆದ ಮೇಲೆ ಚಿಗುರಿದ್ದೆಷ್ಟು ಎಂದು ಎಣಿಸಿ, ಅರ್ಧದಷ್ಟು ಗಿಡಗಳು ಸಾಯುವ ಉಷ್ಣತೆಯನ್ನು ಆ ತಳಿಯ ಅಳತೆಯೆಂದು ಹಿಡಿಯುತ್ತಾರೆ.

ಆದರೆ ಪೆಟ್ಟಿಗೆಯಲ್ಲಿ ಗೆದ್ದದ್ದು ಹೊಲದಲ್ಲೂ ಗೆಲ್ಲಬೇಕು. ಅಮೆರಿಕದ ರಾಷ್ಟ್ರೀಯ ಹುಲ್ಲುಹಾಸು ಮೌಲ್ಯಮಾಪನ ಕಾರ್ಯಕ್ರಮ ಹಲವು ರಾಜ್ಯಗಳ ತಾಕುಗಳಲ್ಲಿ ತಳಿಗಳನ್ನು ವರ್ಷಗಟ್ಟಲೆ ಬೆಳೆಸಿ, ಬಣ್ಣ, ದಟ್ಟಣೆ, ಎಲೆಯ ನಯ, ವಸಂತದ ಹಸಿರುಗಳನ್ನು 1ರಿಂದ 9ರ ಅಂಕದಲ್ಲಿ ಅಳೆಯುತ್ತದೆ. ಈ ಅಂಕ ಕೊಡುವುದು ಯಂತ್ರವಲ್ಲ, ಪಳಗಿದ ಕಣ್ಣು. ಗುಣಮಟ್ಟದಲ್ಲಿ 6ಕ್ಕಿಂತ ಕಡಿಮೆ ಬಂದರೆ ಒಪ್ಪಿಗೆಯಿಲ್ಲ. ಬೇರಿಗೆ ಹತ್ತಿ, ವಸಂತದಲ್ಲಿ ದುಂಡು ಬೋಳು ಮಚ್ಚೆಗಳಾಗಿ ಕಾಣುವ ಶಿಲೀಂಧ್ರ ರೋಗವನ್ನೂ ತಳಿ ತಡೆಯಬೇಕು.

ನೆರಳು ಮಾತ್ರ ಇನ್ನೂ ಬಿಡಿಸದ ಗಂಟು. ಮರದಡಿಯ ಗರಿಕೆ ಚಳಿಗೆ ಬೇಕಾದ ಸಕ್ಕರೆಯನ್ನು ಕೂಡಿಡಲಾರದು. ಬಯಲಿನಲ್ಲಿ ಚಳಿಗಾಲವನ್ನು ದಾಟುವ ತಳಿಯೂ ಅಲ್ಲಿ ಸಾಯಬಹುದು.