ಕೌದಿಯಿಂದ ಮೇಲಂಗಿಗೆ

ಕ್ರಿಸ್‌ಮಸ್ ಸಮೀಪಿಸುತ್ತಿದ್ದಂತೆ ಹಳಿಯಾಳ ಹಾಗೂ ದಾಂಡೇಲಿಯ ಬಟ್ಟೆ ಅಂಗಡಿಗಳಲ್ಲಿ ನಮ್ಮ ಕುಟುಂಬಗಳ ಸಂದಣಿ ಹೆಚ್ಚುತ್ತದೆ. ತಾಯಂದಿರು ಸೀರೆಯ ಅಂಚು ಸೆರಗುಗಳನ್ನು ಪರೀಕ್ಷಿಸುತ್ತಿದ್ದರೆ, ಹೆಣ್ಣುಮಕ್ಕಳು ಮೊಬೈಲಿನಲ್ಲಿ ಕಂಡ ಹೊಸ ಮಾದರಿಯನ್ನು ಕೇಳುತ್ತಾರೆ. ಅಂಥ ಮಾದರಿಗಳಲ್ಲಿ ಒಂದು ನಮ್ಮ ಗಮನ ಸೆಳೆಯಿತು. ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಕೈಹೊಲಿಗೆಯ ಸಾಲುಗಳು ಎದ್ದು ಕಾಣುವಂತೆ ಸಿದ್ಧಪಡಿಸಿದ ಮೇಲಂಗಿ ಅದು. ನಗರದವರಿಗೆ ಅದು ಹೊಸ ಫ್ಯಾಷನ್. ನಮ್ಮ ಸೀಮೆಯವರಿಗೆ ಹೊದೆಯುವ ಕೌದಿ!

ಹಳಿಯಾಳ, ಮುಂಡಗೋಡ ತಾಲೂಕುಗಳ ಕಾಡಂಚಿನ ಊರುಗಳಲ್ಲಿ ನೆಲೆಸಿರುವ ಸಿದ್ದಿ ಸಮುದಾಯದ ಮಹಿಳೆಯರು ಇದನ್ನು ಕವಂದಿ ಎನ್ನುತ್ತಾರೆ. ಆಫ್ರಿಕದಿಂದ ಗುಲಾಮರಾಗಿ ಗೋವೆಗೆ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಈ ಕಾಡುಗಳಲ್ಲಿ ಆಶ್ರಯ ಪಡೆದವರು ಅವರ ಪೂರ್ವಜರಲ್ಲಿದ್ದರು. ಇಂದು ಸಿದ್ದಿಗಳಲ್ಲಿ ಕಥೋಲಿಕರೂ ಮುಸಲ್ಮಾನರೂ ಹಿಂದೂಗಳೂ ಇದ್ದಾರೆ. ಮೂರೂ ಪಂಗಡದ ಮಹಿಳೆಯರು ಕವಂದಿ ಹೊಲಿಯುತ್ತಾರೆ. ಕಥೋಲಿಕ ಮಹಿಳೆಯ ಕೌದಿಯಲ್ಲಿ ಶಿಲುಬೆಯ ಆಕಾರ ಮೂಡಿದರೆ, ಮುಸಲ್ಮಾನ ಸಹೋದರಿಯ ಕೌದಿಯಲ್ಲಿ ಚಂದ್ರರೇಖೆ ಕಾಣಿಸಿಕೊಳ್ಳುವುದುಂಟು. ಸೂಜಿ ನಡೆಯುವ ಕ್ರಮ ಮಾತ್ರ ಒಂದೇ.

ಆ ಕ್ರಮವನ್ನು ತಿಳಿದರೆ ಕೌದಿಯ ಬೆಲೆ ತಿಳಿಯುತ್ತದೆ. ಹಳೆಯ ಸೀರೆಯೊಂದನ್ನು ಅಡಿಗೆ ಹಾಸಲಾಗುತ್ತದೆ. ಒಂದು ಮೂಲೆಯಿಂದ ಆರಂಭಿಸಿ ಅಂಚಿನುದ್ದಕ್ಕೂ ತುಂಡುಗಳನ್ನು ಮಡಿಚಿ ಸೇರಿಸುತ್ತ, ಸುತ್ತಿ ಸುತ್ತಿ ನಡುವಿನ ಕಡೆಗೆ ಸಾಗಬೇಕು. ಉದ್ದನೆಯ ದಾರದ ಸರಳ ಹೊಲಿಗೆಯೇ ಎಲ್ಲ ಪದರಗಳನ್ನೂ ಬಿಗಿಯುತ್ತದೆ. ಮೊದಲೇ ಬರೆದಿಟ್ಟ ನಕ್ಷೆಯಿಲ್ಲ. ಸವೆದ ಸೀರೆ, ಹರಿದ ಅಂಗಿ, ಮಗುವಿಗೆ ಚಿಕ್ಕದಾದ ಲಂಗ, ಎಲ್ಲಕ್ಕೂ ಅಲ್ಲಿ ಸ್ಥಾನವಿದೆ. ಕೊನೆಯಲ್ಲಿ ನಾಲ್ಕು ಮೂಲೆಗಳಿಗೂ ತ್ರಿಕೋನವಾಗಿ ಮಡಿಚಿದ ಬಟ್ಟೆಯ ‘ಫುಲ’, ಅಂದರೆ ಹೂವು, ಇಡಬೇಕು. ಹೂವಿಲ್ಲದ ಕೌದಿಯು ಬೆತ್ತಲೆ ಎಂಬುದು ಹೊಲಿಯುವವರ ಭಾವನೆ. ಬಳಕೆಗೆ ಯಾವ ಉಪಯೋಗವೂ ಇಲ್ಲದ ಈ ನಾಲ್ಕು ಹೂಗಳನ್ನು ಬಡತನದಲ್ಲಿಯೂ ಅವರು ಬಿಟ್ಟುಕೊಡಲಿಲ್ಲ. ಅಲಂಕಾರವು ಸಿರಿವಂತರ ಸೊತ್ತೆಂದು ತಿಳಿದವರು ಒಮ್ಮೆ ಇದನ್ನು ನೋಡಬೇಕು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಈ ಕೌದಿಗಳನ್ನು ಅಭ್ಯಸಿಸಿದರು. 2004ರ ಸುಮಾರಿಗೆ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘವೊಂದು ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಇವುಗಳ ಪ್ರದರ್ಶನ ನಡೆಯಿತು. ಈಗ ಹೊರದೇಶಗಳ ಹೊಲಿಗೆ ಆಸಕ್ತರು ‘ಕವಂದಿ’ ಎಂಬ ಹೆಸರಿನಲ್ಲಿಯೇ ಈ ಕ್ರಮವನ್ನು ಕಲಿಯುತ್ತಾರೆ, ಚೀಲಗಳನ್ನೂ ಮೇಲಂಗಿಗಳನ್ನೂ ಮಾಡುತ್ತಾರೆ. ನಮ್ಮಲ್ಲಿ ಅನೇಕರು ಕೌದಿಯನ್ನು ಅತಿಥಿಗಳ ಕಣ್ಣಿಗೆ ಬೀಳದಂತೆ ಒಳಕೋಣೆಯಲ್ಲಿ ಮಡಿಚಿಡುತ್ತಿರುವಾಗ, ಅದು ಸಾಗರ ದಾಟಿದೆ.

ಇದಕ್ಕೆ ಹತ್ತಿರದ ನಿದರ್ಶನ ಗೋವೆಯಲ್ಲಿದೆ. ಜೊಯಿಡಾದ ಕುಣಬಿಯರ ಉಡುಗೆಯನ್ನು ಕಂಡ ನಮಗೆ ಗೋವೆಯ ಕುಣಬಿ ಸೀರೆ ಅಪರಿಚಿತವೇನಲ್ಲ. ಕೆಂಪು ಚೌಕಳಿಯ ಆ ದಪ್ಪ ಹತ್ತಿ ಸೀರೆ ಹೊಲಗದ್ದೆಯ ಉಡುಗೆಯಾಗಿತ್ತು, ಅದರ ನೇಯ್ಗೆ ಅಳಿವಿನ ಅಂಚಿಗೆ ಬಂದಿತ್ತು. ಗೋವೆಯ ಕಥೋಲಿಕ ವಸ್ತ್ರವಿನ್ಯಾಸಕಾರ ವೆಂಡೆಲ್ ರೊಡ್ರಿಕ್ಸ್ (1960–2020) ಅದನ್ನು ಮತ್ತೆ ನೇಯಿಸಿ ಫ್ಯಾಷನ್ ವೇದಿಕೆಗೆ ತಂದರು. 2014ರಲ್ಲಿ ಪದ್ಮಶ್ರೀ ಪಡೆದ ಅವರು ಗೋವೆಯ ಉಡುಪಿನ ಇತಿಹಾಸವನ್ನೂ ಬರೆದರು. ಅವರು ಸೀರೆಯ ಜೊತೆಗೆ ಅದನ್ನು ಉಟ್ಟವರ ಹೆಸರನ್ನೂ ಉಳಿಸಿದರೆಂಬುದನ್ನು ನಾವು ಮುಖ್ಯವೆಂದು ಭಾವಿಸುತ್ತೇವೆ.

ಮೇಲಂಗಿಯ ವಿಷಯದಲ್ಲಿ ನಮ್ಮ ಆತಂಕವೂ ಇದೇ. ಕೌದಿಯು ಉಡುಗೆಯಾಗುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಹೊಲಿದವಳ ಹೆಸರು ಅಳಿಸಿಹೋಗುವುದಕ್ಕೆ ಆಕ್ಷೇಪವಿದೆ. ವಾರಗಟ್ಟಲೆ ಬೆನ್ನು ಬಗ್ಗಿಸಿದವಳಿಗೆ ದಕ್ಕುವುದೆಷ್ಟು, ಮಳಿಗೆಗೆ ದಕ್ಕುವುದೆಷ್ಟು ಎಂದು ಕೊಳ್ಳುವವರು ಕೇಳಬೇಕು. ಯಂತ್ರದಲ್ಲಿ ಅಚ್ಚೊತ್ತಿದ ಬಟ್ಟೆಯನ್ನು ಕೌದಿಯೆಂದು ಮಾರಿದರೆ ಅವಳಿಗೆ ಏನೂ ದಕ್ಕುವುದಿಲ್ಲ. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಯೊಪ್ಪದ ದೊರ್ಕಳ ವೃತ್ತಾಂತ ಬರುತ್ತದೆ. ಅವಳು ತೀರಿಕೊಂಡಾಗ ವಿಧವೆಯರು ಅಳುತ್ತ, ಅವಳು ಮಾಡಿಕೊಟ್ಟ ಅಂಗಿಗಳನ್ನು ಸಂತ ಪೇತ್ರರಿಗೆ ತೋರಿಸಿದರು. ಬಟ್ಟೆ ಮಾಡಿಕೊಟ್ಟವಳ ಹೆಸರನ್ನು ಪವಿತ್ರ ಗ್ರಂಥ ಮರೆತಿಲ್ಲ.

ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಓದುವ ನಮ್ಮ ಹೆಣ್ಣುಮಕ್ಕಳು ಕೌದಿ ತುಂಡಿನ ಮೇಲಂಗಿಯನ್ನು ಭಾನುವಾರದ ಪೂಜೆಗೆ ಧರಿಸಿ ಬಂದರೆ ಹಿರಿಯರು ಹುಬ್ಬು ಗಂಟಿಕ್ಕಬೇಕಾಗಿಲ್ಲ. ಮುಂಡಗೋಡದ ಟಿಬೆಟಿಯನ್ ನೆಲೆಯಲ್ಲಿ ಹಬ್ಬದ ದಿನ ಯುವತಿಯರು ತಮ್ಮ ಛುಬಾ ತೊಟ್ಟು ಹೊರಡುವುದನ್ನು ನಾವೆಲ್ಲ ಮೆಚ್ಚಿ ನೋಡುತ್ತೇವಲ್ಲವೇ? ಮೆಚ್ಚುಗೆ ನಮ್ಮ ಮನೆಯ ಬಾಗಿಲಲ್ಲೇಕೆ ನಿಲ್ಲಬೇಕು? ಆದರೆ ಆ ಮೇಲಂಗಿಯನ್ನು ದೂರದ ಮಳಿಗೆಯಿಂದ ತರಿಸುವ ಮೊದಲು, ನೆರೆಯ ಊರಿನ ಸಿದ್ದಿ ತಾಯಿಯೊಬ್ಬಳಿಗೆ ಹೇಳಿ, ನ್ಯಾಯವಾದ ಕೂಲಿ ಕೊಟ್ಟು ಹೊಲಿಸಬಹುದು. ಉಡುಗೆಗೆ ತೆಳು ಪದರ ಸಾಕು. ಸೂಜಿ ಸಲೀಸಾಗಿ ಇಳಿಯಲು ಮೆತ್ತಗಾದ ಹಳೆಯ ಹತ್ತಿ ಬಟ್ಟೆ ಉತ್ತಮ, ಜಾರುವ ಪಾಲಿಯೆಸ್ಟರ್ ಅಷ್ಟು ಹೊಂದುವುದಿಲ್ಲ. ಅಜ್ಜಿಯ ಪೆಟ್ಟಿಗೆಯಲ್ಲಿ ಅಂಥ ಇಳಕಲ್ ಸೀರೆ ಉಳಿದಿದ್ದರೆ, ಸ್ಟೀಲ್ ಪಾತ್ರೆಯವನು ಬಾಗಿಲಿಗೆ ಬಂದಾಗ ದಯವಿಟ್ಟು ಅದನ್ನು ಕೊಟ್ಟುಬಿಡಬೇಡಿ.