ಕತ್ತಲಾದ ಮೇಲೆ ಐವತ್ತು ಕಿಲೋವ್ಯಾಟ್

ಅಮೆರಿಕದ ಟೆನೆಸಿ ರಾಜ್ಯದ ನ್ಯಾಷ್‌ವಿಲ್‌ನಲ್ಲಿ ಲೈಫ್ ಅಂಡ್ ಕ್ಯಾಶುವಲ್ಟಿ ಎಂಬ ವಿಮಾ ಕಂಪನಿಯೊಂದಿತ್ತು. 1926ರಲ್ಲಿ ಅದು ಒಂದು ರೇಡಿಯೋ ಕೇಂದ್ರ ತೆರೆದು, ತನ್ನದೇ ಮೊದಲಕ್ಷರಗಳನ್ನು ಸೇರಿಸಿ ಡಬ್ಲ್ಯುಎಲ್‌ಎಸಿ ಎಂದು ಹೆಸರಿಟ್ಟಿತು. ಹಗಲೆಲ್ಲ ಬಿಳಿಯರ ಮನೆಗಳಿಗೆ ಒಗ್ಗುವ ಸುದ್ದಿ, ನಾಟಕ, ಸಂಗೀತ. ಎರಡನೇ ಮಹಾಯುದ್ಧ ಮುಗಿದ ಮೇಲೆ, ರಾತ್ರಿ ಹತ್ತು ದಾಟಿತೆಂದರೆ ಅದೇ ಮೈಕಿನಿಂದ ಕಪ್ಪು ಜನರ ಬ್ಲೂಸ್, ಗಾಸ್ಪೆಲ್ ಕೇಳಿಬರತೊಡಗಿತು. 1960ರ ದಶಕಕ್ಕೆ ಬಂದರೆ ಸೋಲ್. ಚರ್ಚಿನಲ್ಲಿ ದೇವರನ್ನು ಕೂಗಿ ಕರೆಯುವ ಆ ಕಂಠದಲ್ಲೇ ಪ್ರೀತಿ, ವಿರಹ, ಜಗಳಗಳನ್ನು ಹಾಡಿದರೆ ಅದೇ ಸೋಲ್.

ನಾನು ಆಕಾಶವಾಣಿಯ ಟ್ರಾನ್ಸ್‌ಮಿಟರ್‌ಗಳ ಪಕ್ಕ ಕೂತು ನೌಕರಿ ಮುಗಿಸಿದವನು. ಹಾಡಿಗಿಂತ ಮೊದಲು ನನ್ನ ಕಣ್ಣು ಹೋಗುವುದು ಕಿಲೋವ್ಯಾಟಿಗೆ. ಈ ಕೇಂದ್ರದ್ದು 1510 ಕಿಲೋಹರ್ಟ್ಸ್, ಐವತ್ತು ಕಿಲೋವ್ಯಾಟ್. ಅಮೆರಿಕದಲ್ಲಿ ಮೀಡಿಯಂ ವೇವ್‌ಗೆ ಸರ್ಕಾರ ಇಟ್ಟಿರುವ ಗರಿಷ್ಠ ಮಿತಿಯೇ ಅಷ್ಟು. ನಮ್ಮ ಬೆಂಗಳೂರು ಕೇಂದ್ರದ 200 ಕಿಲೋವ್ಯಾಟ್ ಮುಂದೆ ಅದು ಚಿಕ್ಕದೇ. ಆದರೆ ರಾತ್ರಿಯ ಲೆಕ್ಕ ಬೇರೆ. ನೆಲದಿಂದ 60–90 ಕಿಲೋಮೀಟರ್ ಎತ್ತರದಲ್ಲಿ ಡಿ ಪದರ ಎಂದಿದೆ. ಬಿಸಿಲಿರುವಷ್ಟು ಹೊತ್ತು ಅದು ಮೀಡಿಯಂ ವೇವ್ ಅಲೆಗಳನ್ನು ನುಂಗಿಹಾಕುತ್ತದೆ. ಸೂರ್ಯ ಮುಳುಗಿದ ಮೇಲೆ ಅದು ಕರಗಿಹೋಗುತ್ತದೆ. ಅಲೆಗಳು ಇನ್ನೂ ಮೇಲೇರಿ, ಅಲ್ಲಿನ ಪದರಗಳಲ್ಲಿ ಬಾಗಿ, ನೂರಾರು ಮೈಲಿ ಆಚೆ ಇಳಿಯುತ್ತವೆ. ಹಗಲು ಧಾರವಾಡವೋ ಬೆಂಗಳೂರೋ ಅಷ್ಟೇ ಸಿಗುತ್ತಿದ್ದ ಸೆಟ್ಟಿನಲ್ಲಿ ರಾತ್ರಿ ಮುಳ್ಳು ತಿರುಗಿಸಿದರೆ ಶ್ರೀಲಂಕಾ, ಕೊಲ್ಲಿಯ ಅರಬ್ಬಿ ಕೇಂದ್ರಗಳೆಲ್ಲ ತೂರಿಬರುತ್ತಿದ್ದುದು ಹಳಬರಿಗೆ ನೆನಪಿದ್ದೀತು. ಹಾಗೆಯೇ ನ್ಯಾಷ್‌ವಿಲ್‌ನ ಹಾಡು ಉತ್ತರಕ್ಕೆ ಕೆನಡಾ ಮುಟ್ಟುತ್ತಿತ್ತು, ದಕ್ಷಿಣಕ್ಕೆ ಕೆರಿಬಿಯನ್ ದ್ವೀಪಗಳನ್ನು.

ಈ ರಾತ್ರಿಯ ಹಾಡುಗಳನ್ನು ಶುರುಮಾಡಿಸಿದ್ದು ವಿದ್ಯಾರ್ಥಿಗಳು. 1946ರ ಸುಮಾರಿಗೆ ನ್ಯಾಷ್‌ವಿಲ್‌ನ ಕಪ್ಪು ವಿದ್ಯಾರ್ಥಿಗಳು ರೆಕಾರ್ಡುಗಳನ್ನು ಹಿಡಿದುಕೊಂಡು ಜೀನ್ ನೋಬಲ್ಸ್ ಎಂಬ ಉದ್ಘೋಷಕನ ಬಳಿ ಬಂದು, ಇವನ್ನೂ ಹಾಕಿ ಎಂದು ಕೇಳಿದರು. ಆತ ಹಾಕಿದ. ಎಲ್ಲೆಲ್ಲಿಂದಲೋ ಕಾಗದಗಳು ಬಂದವು. ಆಡಳಿತದವರು ಸುಮ್ಮನಿದ್ದದ್ದು ಉದಾರತೆಯಿಂದ ಎಂದು ನಾನಂತೂ ನಂಬುವುದಿಲ್ಲ. ನಡುರಾತ್ರಿಯ ಗಂಟೆಗಳನ್ನು ಕೊಳ್ಳಲು ದೊಡ್ಡ ಜಾಹೀರಾತುದಾರರು ಯಾರೂ ಮುಂದೆ ಬರುತ್ತಿರಲಿಲ್ಲ. ಮಾರಾಟವಾಗದ ಹೊತ್ತು ಯಾರ ಪಾಲಾದರೇನು?

ಆ ಹೊತ್ತನ್ನು ಕೊಂಡವರು ರೆಕಾರ್ಡು ಅಂಗಡಿಯವರು. ಗ್ಯಾಲಟಿನ್ ಎಂಬ ಸಣ್ಣ ಊರಿನ ರ‍್ಯಾಂಡೀಸ್ ರೆಕಾರ್ಡ್ ಶಾಪ್, ನ್ಯಾಷ್‌ವಿಲ್‌ನ ಅರ್ನೀಸ್ ರೆಕಾರ್ಡ್ ಮಾರ್ಟ್. ಆ ಕಾಲದ ಪ್ರಸಾರದ ಧ್ವನಿಮುದ್ರಣಗಳನ್ನು ಕೇಳಿದರೆ ಹಾಡಿನಷ್ಟೇ ಹೊತ್ತು ಜಾಹೀರಾತು ಓಡುತ್ತದೆ. ಐದಾರು ಡಿಸ್ಕುಗಳ ಒಂದು ಕಟ್ಟು, ಕಾರ್ಡು ಬರೆದರೆ ಸಾಕು, ದುಡ್ಡು ಪೋಸ್ಟ್‌ಮ್ಯಾನ್ ಕೈಗೆ ಕೊಡಿ. ನಮ್ಮ ವಿ.ಪಿ.ಪಿ. ಪದ್ಧತಿಯೇ. ರೆಕಾರ್ಡಿನ ಹಿಂದೆಯೇ ತಲೆಗೂದಲಿನ ಪೊಮೇಡು, ಅದರ ಹಿಂದೆ ಅಂಚೆಯಲ್ಲಿ ಕಳಿಸುವ ಕೋಳಿಮರಿ! ಹೌದು, ಜೀವಂತ ಮರಿಗಳೇ, ರಟ್ಟಿನ ಪೆಟ್ಟಿಗೆಯಲ್ಲಿ. ನಗು ಬರುತ್ತದೆ ನಿಜ. ಆದರೆ ಈ ಸಂಗೀತವನ್ನು ಇಡುವ ಅಂಗಡಿಯೇ ಇಲ್ಲದ ಹಳ್ಳಿಯ ಹತ್ತಿ ಕೂಲಿಯವನ ಮನೆಬಾಗಿಲಿಗೆ ರೆಕಾರ್ಡು ಮುಟ್ಟಿಸಿದ್ದು ಈ ವ್ಯಾಪಾರವೇ. ಅಪ್ಪ ಅಮ್ಮನಿಗೆ ಗೊತ್ತಾಗದಂತೆ ಹೊದಿಕೆಯೊಳಗೆ ಟ್ರಾನ್ಸಿಸ್ಟರ್ ಇಟ್ಟು ಕೇಳುತ್ತಿದ್ದ ಬಿಳಿಯ ಹುಡುಗರಿಗೂ ಅದೇ ದಾರಿ. ಅಂಗಡಿಕಾರರೂ ಸುಮ್ಮನೆ ಕೂರಲಿಲ್ಲ: ರ‍್ಯಾಂಡಿ ವುಡ್ ಡಾಟ್ ಎಂಬ ರೆಕಾರ್ಡು ಕಂಪನಿ ಕಟ್ಟಿದ, ಅರ್ನೀ ಯಂಗ್ ಎಕ್ಸೆಲ್ಲೋ ಕಟ್ಟಿದ.

ಈ ರಾತ್ರಿಗಳ ದೊಡ್ಡ ಹೆಸರು ಜಾನ್ ಆರ್., ಅಂದರೆ ಜಾನ್ ರಿಚ್‌ಬರ್ಗ್. ದಕ್ಷಿಣ ಕ್ಯಾರೊಲಿನಾದವರು, ನ್ಯೂಯಾರ್ಕಿನಲ್ಲಿ ರೇಡಿಯೋ ನಾಟಕಗಳಲ್ಲಿ ಪಾತ್ರ ಮಾಡಿ ಬಂದವರು. ಗೊಗ್ಗರು ದನಿ, ಅವಸರವಿಲ್ಲದ ಮಾತು. ಕೇಳುಗರಲ್ಲಿ ಬಹಳ ಮಂದಿ ಇವರನ್ನು ಕಪ್ಪು ಮನುಷ್ಯನೆಂದೇ ತಿಳಿದಿದ್ದರು. ನೋಬಲ್ಸ್, ಅಲ್ಲಿನ ಇನ್ನೊಬ್ಬ ಉದ್ಘೋಷಕ ಹಾಸ್ ಆಲನ್, ಜಾನ್ ಆರ್., ಮೂವರೂ ಬಿಳಿಯರು. ನನಗೆ ಇಲ್ಲಿ ಸ್ವಲ್ಪ ಇರುಸುಮುರುಸು. 1960ರಲ್ಲಿ ಅದೇ ಊರಿನ ಕಪ್ಪು ವಿದ್ಯಾರ್ಥಿಗಳು ತಮಗೆ ಬಡಿಸದ ಊಟದ ಕೌಂಟರುಗಳಲ್ಲಿ ಕೂತು ಸತ್ಯಾಗ್ರಹ ಮಾಡಬೇಕಾಯಿತು. ಅವರ ಹಾಡಿಗೆ ಐವತ್ತು ಕಿಲೋವ್ಯಾಟ್ ಇತ್ತು, ಅವರಿಗೆ ಒಂದು ಕಪ್ ಕಾಫಿ ಇರಲಿಲ್ಲ. ಮೈಕಿನ ಸಂಬಳವೂ ಅವರದಾಗಿರಲಿಲ್ಲ.

ಮೆಂಫಿಸ್‌ನ ಡಬ್ಲ್ಯುಡಿಐಎ ಈ ಮಾತಿಗೆ ಅಪವಾದ. ಮಾಲೀಕರು ಬಿಳಿಯರೇ ಆದರೂ 1948ರಿಂದ ಮೈಕಿನ ಮುಂದೆ ಕಪ್ಪು ಉದ್ಘೋಷಕರನ್ನು ಕೂರಿಸಿದರು. ಮೊದಲು ಅದಕ್ಕೆ ಇದ್ದದ್ದು 250 ವ್ಯಾಟ್, ಅದೂ ಹಗಲಿಗೆ ಮಾತ್ರ. ಸೂರ್ಯ ಮುಳುಗಿದರೆ ಕೇಂದ್ರ ಮುಚ್ಚಬೇಕು. 1954ರಲ್ಲಿ ಐವತ್ತು ಕಿಲೋವ್ಯಾಟೂ ರಾತ್ರಿಯೂ ಒಟ್ಟಿಗೇ ಸಿಕ್ಕವು. ಬ್ಲೂಸ್ ಗಾಯಕ ಬಿ.ಬಿ. ಕಿಂಗ್ ಹೆಸರು ಮಾಡಿದ್ದು ಇಲ್ಲಿಂದ. ಅಲ್ಲಿನ ಇನ್ನೊಬ್ಬ ಉದ್ಘೋಷಕ, ಗಾಯಕ ರೂಫಸ್ ಥಾಮಸ್ ವರ್ಷಗಟ್ಟಲೆ ಬಟ್ಟೆ ಗಿರಣಿಯಲ್ಲಿ ದುಡಿಯುತ್ತಲೇ ರೇಡಿಯೋ ನಡೆಸಿದರು.

ಒಬ್ಬ ಉದ್ಘೋಷಕ ಏನು ಮಾಡಬಲ್ಲ? 1962ರಲ್ಲಿ ಓಟಿಸ್ ರೆಡ್ಡಿಂಗ್ ಎಂಬ ಹೊಸಬನ ರೆಕಾರ್ಡು ಬಂತು. ಕಂಪನಿ ನಂಬಿದ್ದು ಮೇಲಿನ ಬದಿಯ ಕುಣಿತದ ಹಾಡನ್ನು. ಜಾನ್ ಆರ್. ಡಿಸ್ಕ್ ತಿರುಗಿಸಿ ಹಿಂಬದಿಯ ‘ದೀಸ್ ಆರ್ಮ್ಸ್ ಆಫ್ ಮೈನ್’ ಹಾಕಿದರು. ಬಿಡದೆ ಹಾಕಿದರು. ನಿಧಾನವಾಗಿ ಹಾಡು ಹಿಡಿಯಿತು, ರೆಡ್ಡಿಂಗ್ ನೆಲೆಯೂರಿದರು. ಆ ಹಾಡಿನ ಹಕ್ಕಿನಲ್ಲಿ ಜಾನ್ ಆರ್.ಗೂ ಒಂದು ಪಾಲು ಸಿಕ್ಕಿತ್ತು ಎಂಬುದನ್ನೂ ಹೇಳಿಬಿಡಬೇಕು. ಆಕಾಶವಾಣಿಯಲ್ಲಿ ಹೀಗಾಗಿದ್ದರೆ ಮೆಮೋ ಬರುತ್ತಿತ್ತು. ಕಿವಿ ಮಾತ್ರ ಒಳ್ಳೆಯದಿತ್ತು ಅವರಿಗೆ; ಮುಂದೆ ಗಾಯಕ ಜೋ ಸೈಮನ್ ಅವರ ಹಾಡುಗಳನ್ನು ತಾವೇ ನಿರ್ಮಿಸಿದರು, ಸೈಮನ್‌ಗೆ ಗ್ರ್ಯಾಮಿ ಪ್ರಶಸ್ತಿಯೂ ಬಂತು.

ರೆಡ್ಡಿಂಗ್ ದನಿ ಮೀಡಿಯಂ ವೇವ್‌ಗೆ ಹೇಳಿಮಾಡಿಸಿದ್ದು. ಈ ಬ್ಯಾಂಡಿನಲ್ಲಿ ತಾರಸ್ವರದ ತುದಿ ಕತ್ತರಿಸಿಹೋಗುತ್ತದೆ. ಸಿಂಬಲ್ಲಿನ ಝಣಝಣ, ಪಿಟೀಲಿನ ಮಿಂಚು ಕೇಳುಗನಿಗೆ ತಲುಪುವುದೇ ಇಲ್ಲ. ಉಳಿಯುವುದು ಕಂಠ, ಆರ್ಗನ್, ಬೇಸ್ ಗಿಟಾರಿನ ನಡೆ. ಸೋಲ್ ಹಾಡಿಗೆ ಬೇಕಾದದ್ದೂ ಅಷ್ಟೇ. ಜೊತೆಗೆ ದನಿ ಏರಿಳಿಯುತ್ತಾ ಒಂದು ಗಳಿಗೆ ಮಾಯವಾಗಿ ಮತ್ತೆ ಬರುತ್ತದೆ. ನಮ್ಮ ಭಾಷೆಯಲ್ಲಿ ಅದು ಫೇಡಿಂಗ್, ಒಂದು ದೋಷ. ವಿರಹದ ಹಾಡು ಹೀಗೆ ಬಂದರೆ ದೋಷವೆಂದು ರಿಜಿಸ್ಟರಿನಲ್ಲಿ ಬರೆಯಲು ನನಗಂತೂ ಮನಸ್ಸು ಬರುತ್ತಿರಲಿಲ್ಲ.

ಹಾಡು ಕೆರಿಬಿಯನ್ ಮುಟ್ಟುತ್ತಿತ್ತು ಎಂದೆನಲ್ಲ. ಅಲ್ಲಿನ ಜಮೈಕಾದ ಹುಡುಗರು ಅಮೆರಿಕದ ದಕ್ಷಿಣದ ಇಂಥ ಕೇಂದ್ರಗಳನ್ನು ರಾತ್ರಿ ಕೇಳಿ, ಅದೇ ತಾಳಕ್ಕೆ ತಮ್ಮ ಒತ್ತು ಕೊಟ್ಟು ಬಾರಿಸಿದ್ದರಿಂದ ಸ್ಕಾ ಎಂಬ ಸಂಗೀತ ಹುಟ್ಟಿತು, ಸ್ಕಾದಿಂದ ರೆಗೇ.

1970ರ ದಶಕದಲ್ಲಿ ಎಫ್‌ಎಂ ಸ್ಟೀರಿಯೋ ಬಂದು ಸಂಗೀತವನ್ನು ಒಯ್ದಿತು. ಡಬ್ಲ್ಯುಎಲ್‌ಎಸಿಯ ಹೊಸ ಆಡಳಿತದವರಿಗೆ ಎಲ್ಲರಿಗೂ ಹಿಡಿಸುವ ಜನಪ್ರಿಯ ಹಾಡುಗಳೇ ಬೇಕಾದವು. 1973ರಲ್ಲಿ ಜಾನ್ ಆರ್. ಎದ್ದು ಹೊರಟರು. ಎಫ್‌ಎಂನ ದನಿ ಶುಭ್ರ, ಆದರೆ ಊರ ಗಡಿ ದಾಟದು. 1510ರಲ್ಲಿ ಕೊನೆಗೆ ಉಳಿದದ್ದು ಸುದ್ದಿ ಮತ್ತು ಹರಟೆ. ಹಳೆಯ ಪ್ರಸಾರಗಳ ಕೆಲವು ತುಣುಕುಗಳು ಸಂಗ್ರಾಹಕರ ಬಳಿ ಉಳಿದಿವೆ. ನಿಮಗೆ ಸಿಕ್ಕರೆ ಜಾಹೀರಾತುಗಳನ್ನು ಹಾರಿಸಿಬಿಡಬೇಡಿ. ರೆಡ್ಡಿಂಗ್ ಈಗ ಎಲ್ಲಿ ಬೇಕಾದರೂ ಸಿಗುತ್ತಾರೆ. ಪೊಮೇಡು ಮಾರುವ ಜಾನ್ ಆರ್. ಸಿಗುವುದು ಅಲ್ಲಿ ಮಾತ್ರ.